ಹೆಸರು ಬರಬೇಕಾದ ಸಾಲು

ಜ್ವರದ ಬೇನೆ ಊರೂರು ಖಾಲಿ ಮಾಡಿದ ಆ ವರ್ಷ ಸಾವಂತ್ರೆವ್ವ ಹುಕ್ಕೇರಿಯ ತವರಿನಲ್ಲಿದ್ದಳು. ಗಂಡ ಲಕ್ಕಪ್ಪ ತೀರಿದ ಸುದ್ದಿ ತಲುಪಿ ಅವಳು ಗಂಡನ ಊರು ಕೌಜಲಗಿಗೆ ಬರುವ ಹೊತ್ತಿಗೆ ಮಣ್ಣು ಮಾಡಿ ಮುಗಿದಿತ್ತು. ಮುಖ ನೋಡದವಳಿಗೆ ಅವನು ಸತ್ತನೆಂಬುದು ಮನಸ್ಸಿಗೆ ಹತ್ತಲೇ ಇಲ್ಲ. ಗೋಕಾಕ ಸಂತೆಯಿಂದ ಬರುವ ಚಕ್ಕಡಿಗಳ ಸದ್ದು ಕೇಳಿದರೆ, ಅವನೇ ಬಂದನೇನೋ ಎಂದು ಈಗಲೂ ಕೈಗೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದಳು.

ಅತ್ತೆ ಫಕೀರವ್ವ ಮಗನ ಮಾತೇ ಎತ್ತುತ್ತಿರಲಿಲ್ಲ. ಇಬ್ಬರೂ ಒಂದೇ ಬೀಸುಕಲ್ಲಿನ ಗೂಟ ಹಿಡಿದು ಎದುರುಬದುರು ಕೂತರೂ ಮಾತು ಜೋಳ, ಎಮ್ಮೆಗಳನ್ನು ದಾಟುತ್ತಿರಲಿಲ್ಲ.

ಸಾವಂತ್ರೆವ್ವ ಹಾಡು ಕಟ್ಟುವವಳು. ಹೊಲದಲ್ಲಿ ಕಳೆ ತೆಗೆಯುತ್ತ ಅವನ ಮೇಲೊಂದು ತ್ರಿಪದಿ ಕಟ್ಟಿದಳು. ಮೂರನೇ ಸಾಲಿಗೆ ಅವನ ಹೆಸರು ಬರಬೇಕೆಂದು ಮೊದಲೆರಡು ಸಾಲಿಗೂ ‘ಕ್ಕ’ದ ಪ್ರಾಸ ಹುಡುಕಿ ಕೂಡಿಸಿದಳು. ಆದರೆ ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಒಂದು ಸಂಜೆ ಬೀಸುವಾಗ ತಡೆಯಲಾಗದೆ ದನಿ ಎತ್ತಿದಳು:

ಚಿಕ್ಕಿ ಮೂಡ್ಯಾವವ್ವ ಹಕ್ಕಿ ಗೂಡಿಗೆ ಬಂದ್ವು
ದಿಕ್ಕೆಲ್ಲ ಕತ್ತಲಾದಾವ | ನಮ್ಮನಿಯ

ಎರಡನೇ ಸಾಲನ್ನು ಮತ್ತೆ ಹಾಡಿದಳು. ಮತ್ತೂ ಹಾಡಿದಳು. ಮುಂದಿನ ಸಾಲಿಗೆ ಬಂದು ಹಾಡು ತಡೆದಳು. ಹೆಸರಿನ ಜಾಗದಲ್ಲಿ ಬರೀ ಕಲ್ಲಿನ ಸದ್ದು ಒಂದು ಸುತ್ತು ತಿರುಗಿತು. ಆಮೇಲೆ “ಯಾಕ ಬರಲಿಲ್ಲ” ಎಂದಳು.

ಫಕೀರವ್ವ ಕಲ್ಲು ನಿಲ್ಲಿಸಿದಳು. “ಯಾಕವಾ, ಅಲ್ಲೇ ಯಾಕ ತಡೀತಿ?”

“ಹೆಸರು ಹ್ಯಾಂಗ ಹೇಳ್ಲಿರಿ, ಅತ್ತಿ?”

ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. “ನಾ ಹಡದಾಕಿ ಅದೇನಿ. ಹೆಸರು ನಾ ಹೇಳ್ತೇನಿ. ನೀ ಹಾಡು.”

ಕಲ್ಲು ಮತ್ತೆ ತಿರುಗಿತು. ಸಾವಂತ್ರೆವ್ವ ಎರಡು ಸಾಲು ಹಾಡಿ ಉಸಿರು ಹಿಡಿದಳು. ಎದುರಿನಿಂದ ಒಡೆದ ದನಿಯಲ್ಲಿ “ಲಕ್ಕಪ್ಪ” ಎಂದು ಬಂತು. “ಯಾಕ ಬರಲಿಲ್ಲ” ಎಂದು ಇಬ್ಬರೂ ಕೂಡಿ ಮುಗಿಸಿದರು. ಅವನು ಸತ್ತಂದಿನಿಂದ ಆ ಮನೆಯಲ್ಲಿ ಯಾರೂ ಆಡದಿದ್ದ ಹೆಸರು. ಗೂಟ ಬಿಟ್ಟು ಇಬ್ಬರೂ ಅತ್ತರು.

ಅಳು ತಗ್ಗಿದ ಮೇಲೆ ಸಾವಂತ್ರೆವ್ವ ಅದುವರೆಗೆ ಕೇಳಲಾಗದ್ದನ್ನು ಕೇಳಿದಳು. “ಜ್ವರದಾಗ ನನ್ನ ನೆನಸಿದ್ರೇನ್ರಿ, ಅತ್ತಿ?”

“ನೆನಸದ ಏನವಾ! ‘ಆಕಿ ಹುಕ್ಕೇರಿಯಿಂದ ಬರೂದೈತಿ, ಬಾಗಲಾ ಹಾಕಬ್ಯಾಡ’ ಅಂತ ಒಂದ ಮಾತು ಹಿಡದಿದ್ದ. ಅಷ್ಟ ಥಂಡ್ಯಾಗ ನಾ ಬಾಗಲಾ ತಗದ ಇಟ್ಟಿದ್ದೆ.”

ಸಾವಂತ್ರೆವ್ವ ಕಾದವಳು ತಾನೊಬ್ಬಳೇ ಎಂದುಕೊಂಡಿದ್ದಳು. ಕಲ್ಲಿನ ಬಾಯಿಗೆ ಹಿಡಿ ಜೋಳ ಹಾಕಿ, “ಇನ್ನೊಂದು ನುಡಿ ಹಾಡೂಣ್ರಿ” ಎಂದಳು.