ಕಿತ್ತಿಟ್ಟ ಕೊನೆಯ ಊರು

ಅಪ್ಪ ಪುಸ್ತಕಕ್ಕೆ ರಟ್ಟು ಕಟ್ಟುವಾಗಿನ ಅಂಟಿನ ವಾಸನೆ ಅಕ್ಕನಿಗೆ ಇನ್ನೂ ನೆನಪಿತ್ತು. ಒಂದು ಹಾಳೆ ತಪ್ಪಿದ್ದರೂ ಅಪ್ಪ ಆ ಪುಸ್ತಕವನ್ನು ಗಿರಾಕಿಗೆ ಕೊಡುತ್ತಿರಲಿಲ್ಲ. ಅವರ ಮಗನಾದ ತಮ್ಮ ನೋಡಿದರೆ, ಅಕ್ಕನೂ ತಾನೂ ಸೇರಿ ನಾಲ್ಕು ವರ್ಷ ಮಾಡಿದ ವಿಡಿಯೊ ಗೇಮಿನಿಂದ ಕಥೆ ಮುಗಿಯುವ ಊರನ್ನೇ ಕಿತ್ತು, ಬೇರೆ ಬೆಲೆಗೆ ಮಾರಲು ಇಟ್ಟಿದ್ದ.

"ಎಲ್ಲರೂ ಹೀಗೇ ಮಾಡ್ತಾರಕ್ಕ."

"ಅಂಗಿ ಮಾರಿ ಗುಂಡಿಗೆ ಬೇರೆ ದುಡ್ಡು ಕೇಳೋ ಆಸಾಮಿ ನೀನು. ಹೊಸ ಕಥೆ ಬರೆದು ಮಾರು, ಬೇಡ ಅನ್ನಲ್ಲ. ಈ ಊರನ್ನ ಬೇರೆಯಾಗಿ ಮಾರೋದಾದ್ರೆ ಗೇಮಲ್ಲಿ ನಾನು ಬರೆದ ಚಿತ್ರ ಒಂದೂ ಇರಬಾರದು."

ಚಿತ್ರಗಳಿಲ್ಲದೆ ಗೇಮೇ ಇಲ್ಲ. ತಮ್ಮ ಗೊಣಗುತ್ತಲೇ ಕೂತು ಊರನ್ನು ಮತ್ತೆ ಗೇಮಿಗೆ ಸೇರಿಸತೊಡಗಿದ.

"ದೊಡ್ಡ ವ್ಯಾಪಾರಿ," ಎಂದು ಅಕ್ಕ ಮೂಗು ಮುರಿದಳು.

ಮಧ್ಯಾಹ್ನ ದಾಟಿದರೂ ಅವನು ಏಳಲಿಲ್ಲ. ಅವಳು ಊಟದ ತಟ್ಟೆಯನ್ನು ಅವನ ಕೈಗಿಟ್ಟಳು.