ಕುದಿಯದ ನಾಲ್ಕು ಹನಿ

ಪಾದರಸ ಇಳಿಯತೊಡಗಿದಾಗ ಲೋಕಮ್ಮ ಹಿಂದೆ ಸರಿದಳು. ಯಾರೂ ಮುಟ್ಟಿರಲಿಲ್ಲ, ಊದಿರಲಿಲ್ಲ. ಪಾದರಸದ ಬೋಗುಣಿಯಲ್ಲಿ ನೆಟ್ಟಗೆ ನಿಂತಿದ್ದ, ತಲೆ ಮುಚ್ಚಿದ ಗಾಜಿನ ಕೊಳವೆಗೆ ಬೆನಕಪ್ಪ ಮೇಷ್ಟ್ರು ಕೆಳಗಿನಿಂದ ಅವಳು ತಂದ ನಾಲ್ಕು ಹನಿ ಬಿಟ್ಟಿದ್ದರು, ಅಷ್ಟೇ. ಹನಿಗಳು ಪಾದರಸದ ನೆತ್ತಿಗೇರಿದವು. ಅಲ್ಲಿದ್ದ ಬರಿದಾದ ಜಾಗದಲ್ಲಿ ಕಣ್ಣಿಗೆ ಕಾಣದ್ದೇನೋ ತುಂಬಿಕೊಂಡು ಪಾದರಸವನ್ನು ಕೆಳಕ್ಕೆ ಅದುಮುತ್ತಿತ್ತು.

“ಒಳಗೆ ಯಾರೋ ಉಸಿರು ಬಿಟ್ಟಂಗೈತಲ್ರೀ. ಅವರೇ ಏನು?”

“ಆವಿ ಕಣಮ್ಮ,” ಎಂದರು ಮೇಷ್ಟ್ರು. ಅವರ ಮೈಯೂ ಜುಮ್ಮೆಂದಿತ್ತು.

ಅವಳ ಗಂಡ ಉಜ್ಜಪ್ಪ, ಶಿಕಾರಿಪುರದ ಈ ಹೈಸ್ಕೂಲಿಗೆ ಬೆಂಚು ಮಾಡಿಕೊಟ್ಟ ಬಡಗಿ, ಹೋದ ವಾರ ತೀರಿಕೊಂಡಿದ್ದ. ಬಂದಳಿಕೆಯ ಹಾಳು ಗುಡಿಗಳ ಹತ್ತಿರ ಗಾಳಿ ಸೋಕಿತು ಎಂದರು ಅವನ ಊರು ಅಂಜನಾಪುರದ ಜನ. ಗಾಳಿ ಗೀಳಿ ಮೇಷ್ಟ್ರು ನಂಬುವವರಲ್ಲ. ಆದರೆ ಸಾಯುವ ದಿನ ನಡುಮಧ್ಯಾಹ್ನದಲ್ಲಿ ಅವನು “ದೀಪ ಯಾಕೆ ಹಚ್ಚಿಲ್ಲ” ಎಂದು ಹೆಂಡತಿಯನ್ನು ಗದರಿದ್ದನಂತೆ. ಅದನ್ನು ಕೇಳಿದ ಮೇಲೆ ಅವರಿಗೆ ಅವನು ಕುಡಿದದ್ದರ ಮೇಲೇ ಅನುಮಾನ ಹುಟ್ಟಿತು.

ನಾಳೆ ಮಧ್ಯಾಹ್ನ ಎಡೆ. ಸತ್ತವನು ಕುಡಿದು ಉಳಿಸಿದ ಸಾರಾಯಿಯ ಬಾಟಲಿಯನ್ನು ಅವನ ಉಳಿ, ಬಾಚಿಗಳ ಮುಂದಿಟ್ಟು, ಆಮೇಲೆ ದಾಯಾದಿಗಳೆಲ್ಲ ಒಂದೊಂದು ಗುಟುಕು ಹಂಚಿಕೊಳ್ಳುವುದು ಆ ಮನೆಯ ರೂಢಿ. ಬಾಟಲಿ ಕೊಡಮ್ಮ, ಕುದಿಸಿ ನೋಡುತ್ತೇನೆ ಎಂದರೆ, ಎಡೆಗಿಡುವುದನ್ನು ಒಲೆಗಿಡುವುದುಂಟೇ ಎಂದು ಲೋಕಮ್ಮ ನಾಲ್ಕು ಹನಿ ಮಾತ್ರ ತಂದಿದ್ದಳು.

“ಬರೀ ಅನುಮಾನಕ್ಕೆ ಅವರ ಪಾಲು ಚೆಲ್ಲಕಾಗಲ್ರೀ. ಖಾತ್ರಿ ಆದ್ರೆ ಹೇಳ್ರೀ, ನಾನೇ ಮೋರಿಗೆ ಸುರೀತೀನಿ,” ಎಂದು ಹೇಳಿ ಊರಿಗೆ ಹೊರಟಳು.

ಮೇಷ್ಟ್ರು ಕೊಳವೆಯ ಸುತ್ತ ನೀರು ಬಿಸಿ ಮಾಡುತ್ತಾ, ಒಂದೊಂದು ಬಿಸಿಗೂ ಪಾದರಸ ಎಷ್ಟು ಜಾರಿತೆಂದು ಗುರುತು ಹಾಕಿಕೊಂಡರು. ಲಾಗ್ ಟೇಬಲ್ ತೆರೆದು ಲೆಕ್ಕ ಮಾಡಿ ಗ್ರಾಫಿನಲ್ಲಿ ಚುಕ್ಕೆ ಇಟ್ಟರೆ, ಎಲ್ಲವೂ ಸಾಲಾಗಿ ಒಂದೇ ಗೆರೆಯ ಮೇಲೆ ನಿಂತವು. ಗೆರೆಯ ಇಳಿಜಾರಿನಿಂದ ಆವಿಯಾಗಲು ಬೇಕಾದ ಶಾಖ ಸಿಕ್ಕಿತು: ಮೋಲ್‌ಗೆ ಒಂಬತ್ತು ಸಾವಿರ ಕ್ಯಾಲೊರಿ. ಕುಡಿಯುವ ಸಾರಾಯಿಯ ಸತ್ವಕ್ಕೆ ಹತ್ತು ಸಾವಿರದ ಹತ್ತಿರ ಬರಬೇಕಿತ್ತು. ಅದೇ ಗೆರೆಯನ್ನು ಗಾಳಿಯ ಪೂರ್ತಿ ಒತ್ತಡದವರೆಗೆ ಎಳೆದರು. ಇನ್ನೂ ಕುದಿಯದೇ ಇದ್ದ ಹನಿಗಳು ತಾವು ಎಲ್ಲಿ ಕುದಿಯುತ್ತೇವೆಂದು ಕಾಗದದ ಮೇಲೆ ಹೇಳಿಬಿಟ್ಟವು. ಅರವತ್ತೈದು ಡಿಗ್ರಿ. ಸಾರಾಯಿಯ ಸತ್ವವಾದರೆ ಎಪ್ಪತ್ತೆಂಟು. ಇದು ಮರದ ಪಾಲಿಶ್‌ಗೆ ಬಳಸುವ ಸ್ಪಿರಿಟ್ಟು, ಮೊದಲು ಕಣ್ಣು ತೆಗೆದು ಆಮೇಲೆ ಜೀವ ತೆಗೆಯುವಂಥದ್ದು. ಮೇಷ್ಟ್ರೆಂದರೆ ಮೇಷ್ಟ್ರೇ, ಮತ್ತೊಮ್ಮೆ ಲೆಕ್ಕ ಮಾಡಿದರು. ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಎಡೆ ನಾಳೆಯಲ್ಲವೇ ಎಂದು ಸಮಾಧಾನ ಮಾಡಿಕೊಂಡರು.

ಬೆಳಿಗ್ಗೆ ಸೈಕಲ್ ತುಳಿದುಕೊಂಡು ಅಂಜನಾಪುರಕ್ಕೆ ಹೋದರು. ಲೋಕಮ್ಮ ಅವರ ಮುಖ ನೋಡಿದಳು. ಬಾಟಲಿ ತಂದು, ಬಿಕ್ಕುತ್ತಾ, ಮೋರಿಗೆ ಸುರಿದಳು. ಮೇಷ್ಟ್ರ ಎದೆ ಹಗುರಾಯಿತು.

“ನಿನ್ನೆ ಇದ್ರಾಗೆ ಇನ್ನೂ ಜಾಸ್ತಿ ಇತ್ತು,” ಎಂದಳು ಅವಳು, ಖಾಲಿ ಬಾಟಲಿ ಹಿಡಿದು.

ಜಗಲಿಯ ಮೇಲೆ ಅವಳ ಮೈದುನ ಕೆಂಪಪ್ಪ ಕಂಬಕ್ಕೆ ಒರಗಿ ಕೂತಿದ್ದ.

“ಅತ್ತಿಗೆ,” ಎಂದ ಮೆಲ್ಲಗೆ, “ಯಾರು ಬಂದಿರೋದು? ಕತ್ಲಾತಲ್ಲ, ದೀಪ ಹಚ್ಚಬಾರ್ದಾ?”

ಅವನ ಮುಖದ ತುಂಬ ಬಿಸಿಲಿತ್ತು.