ಪಿನ್ನು ತೋರಿಸಿದ ಕೈ

ಯಲ್ಲಾಪುರದಲ್ಲಿ ಲಾರಿ ಗ್ಯಾರೇಜು ಇಟ್ಟುಕೊಂಡಿದ್ದ ಜಹಾಂಗೀರನ ಹೊಟ್ಟೆಗೆ ಕಿಚ್ಚಿಟ್ಟವಳು ಅವನ ಮಗಳೇ. ಏಳನೇ ಕ್ಲಾಸಿನ ಸಾಮಿಯಾ ಶಾಲೆಯಿಂದ ಬಂದವಳೇ, "ಅಬ್ಬಾ, ನಾಳೆ ನೌಕಾಪಡೆ ದಿನಕ್ಕೆ ಗಿರೀಶ ಸರ್ ಬರ್ತಾರೆ. ನೆಟ್ಟಗೆ ಕೆಳಗಿಳಿಯೋ ವಿಮಾನದ ಕತೆ ಅವರ ಹಾಗೆ ಯಾರೂ ಹೇಳೂದಿಲ್ಲಂತೆ. ನೀವೂ ಅದೇ ಹಡಗಲ್ಲಿ ಇದ್ರಲ್ಲ, ಎಂತ ಮಾಡ್ತಿದ್ರಿ?" ಎಂದಳು.

ಎಂತ ಮಾಡುತ್ತಿದ್ದನಂತೆ! ಯುದ್ಧವಿಮಾನಗಳನ್ನು ಹೊತ್ತೊಯ್ಯುವ ವಿರಾಟ್ ಹಡಗಿನ ಮೇಲೆ ಹನ್ನೊಂದು ವರ್ಷ, ನೆಟ್ಟಗೆ ಇಳಿಯುವ ಆ ಸೀ ಹ್ಯಾರಿಯರ್ ವಿಮಾನಗಳ ಮೆಕ್ಯಾನಿಕ್ ಆಗಿದ್ದವನು ಅವನು. ಮನ್ಮನೆಯ ಗಿರೀಶ ಅದೇ ಹಡಗಿನ ಅಡುಗೆಮನೆಯಲ್ಲಿ ಚಪಾತಿ ಬೇಯಿಸುತ್ತಿದ್ದ. ಎರಡು ಸಾವಿರದ ಹದಿನಾರರಲ್ಲಿ ಆ ವಿಮಾನಗಳು ನಿವೃತ್ತವಾದವು, ಇವರಿಬ್ಬರೂ ಊರಿಗೆ ಬಂದರು. ಶಾಲು, ಹಾರ, ಮೈಕು ಎಲ್ಲವೂ ಚಪಾತಿಯವನ ಪಾಲಾಯಿತು. ದುಡಿದವನು ತಾನಾಗಿ ಹೇಳಿಕೊಳ್ಳಬಾರದೆಂಬ ಜಂಬದಲ್ಲಿ ಜಹಾಂಗೀರ ಮನೆಯಲ್ಲೂ ತುಟಿ ಬಿಚ್ಚಿರಲಿಲ್ಲ.

ಮರುದಿನ ಮಗಳ ಎದುರೇ ಗಿರೀಶನ ಬಣ್ಣ ಬಯಲು ಮಾಡಲು ಶಾಲೆಯ ಸಭೆಯ ನಡುವೆ ಎದ್ದು ನಿಂತ.

"ಗಿರೀಶ, ವಿಮಾನ ಹಾರೋ ಮೊದಲು ಮೆಕ್ಯಾನಿಕ್ ಕೈ ಎತ್ತಿ ಪೈಲಟ್‌ಗೆ ಎಂತ ತೋರಿಸ್ತಾನೆ?"

"ಸೀಟಿನ ಪಿನ್ನು," ಎಂದ ಗಿರೀಶ ತಡವರಿಸದೆ. "ಅಪಾಯ ಬಂದ್ರೆ ಪೈಲಟ್‌ನ ಹೊರಗೆ ಚಿಮ್ಮಿಸೋ ಸೀಟು ಅದು. ಪಿನ್ನು ಉಳಿದ್ರೆ ಚಿಮ್ಮೂದಿಲ್ಲ. ಎಲ್ಲಾ ತೆಗೆದಿದ್ದೇನೆ ಅಂತ ಕಣ್ಣಿಗೆ ತೋರಿಸ್ಬೇಕು. ಮಕ್ಕಳೇ, ನಾನು ಅಡುಗೆಯವ. ಪಿನ್ನು ತೋರಿಸಿದ ಕೈ ಇವರದ್ದು. ಹಡಗಲ್ಲಿ ಕನ್ನಡ ಮಾತಾಡೂಕೆ ನಾವಿಬ್ಬರೇ. ಊಟಕ್ಕೆ ಬಂದಾಗ ಇವರು ಹೇಳಿದ್ದನ್ನೇ ನಾನು ಹೇಳ್ತಾ ಬಂದದ್ದು. ಬಾ ಮಾರಾಯಾ, ನೀನೇ ಹೇಳು."

ಮೈಕು ಕೈಗೆ ಬಂತು. ಸಾಮಿಯಾ ಮೊದಲ ಸಾಲಿನಲ್ಲಿ ಬಾಯಿ ತೆರೆದು ಕೂತಿದ್ದಳು.

"ಅದಕ್ಕೆ ಗಾಳಿ ಉಗುಳೋ ನಾಲ್ಕು ನಾಝಲ್ ಇರ್ತದೆ. ಅದು... ತಿರುಗ್ತದೆ," ಎಂದ ಜಹಾಂಗೀರ. ಮುಂದೆ ಮಾತೇ ಹೊರಡಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಗಿರೀಶ ಮೆಲ್ಲಗೆ ಮೈಕು ಇಸಿದುಕೊಂಡ. "ಹಡಗು ತೊಟ್ಟಿಲ ಹಾಗೆ ತೂಗ್ತದೆ. ವಿಮಾನದ ಬಿಸಿಗಾಳಿಗೆ ನಿಂತವರ ಮುಖ ಸುಡ್ತದೆ. ಅಂಥಾದ್ರಲ್ಲಿ ಇವರು..." ಎಂದು ಶುರು ಮಾಡಿದ. ಸಭೆ ಗಪ್‌ಚಿಪ್ಪಾಯಿತು. ಆ ಕತೆಯೊಳಗಿನ ಜಹಾಂಗೀರ ಎಂಥ ಗಂಡು! ಕೇಳುತ್ತ ಕೇಳುತ್ತ ಜಹಾಂಗೀರನಿಗೆ ಆ ಕತೆಯ ಜಹಾಂಗೀರನ ಮೇಲೂ ಹೊಟ್ಟೆ ಉರಿಯಿತು.

ಸಾಮಿಯಾ ಕಣ್ಣು ಮಿಟುಕಿಸದೆ ಕೇಳಿದಳು. ಕತೆ ಮುಗಿಯುವ ತನಕ ಅವಳು ನೋಡುತ್ತಿದ್ದದ್ದು ಗಿರೀಶನ ಮುಖವನ್ನು.